ಎಪ್ಪತ್ತರ ದಶಕವು ಎಂದು ಮೊದಲಾಯಿತು?

ಸೂರ್ಯನು ಉತ್ತರಕ್ಕೆ ಹೊರಳುವುದು ಡಿಸೆಂಬರ್ ತಿಂಗಳ ೨೧ ಅಥವಾ ೨೨ನೆಯ ತಾರೀಖಿನಂದು. ನಾವು ಎಳ್ಳುಬೆಲ್ಲ ಹಂಚಿ ಉತ್ತರಾಯಣವನ್ನು ಬರಮಾಡಿಕೊಳ್ಳುವುದು ಜನವರಿ ತಿಂಗಳ ನಡುವಿನಲ್ಲಿ. ಈ ಮೂರು ವಾರಗಳ ಅಂತರವು ನಮ್ಮ ಜೋಯಿಸರಿಗೆ ತಿಳಿಯದ ಸಂಗತಿಯೇನೂ ಅಲ್ಲ. ಆದರೂ ಹಬ್ಬವು ಹಬ್ಬದ ದಿನವೇ ನಡೆಯುತ್ತದೆ, ಆಕಾಶವು ತನ್ನ ಪಾಡಿಗೆ ತಾನು ಮುಂದುವರಿಯುತ್ತದೆ; ಹಗಲು ಬೆಳೆದುದು ನಮ್ಮ ಅರಿವಿಗೆ ಬರುವುದಾದರೋ ಇವೆರಡಕ್ಕಿಂತಲೂ ತಡವಾಗಿ, ಶಿವರಾತ್ರಿಯ ಸುಮಾರಿಗೆ. ದಶಕಗಳ ವಿಷಯವೂ ಹೀಗೆಯೇ ಇರುವುದೆಂದು ನಮ್ಮ ಅಭಿಪ್ರಾಯ.

ಇದನ್ನು ಈಗ ಎತ್ತಲು ಕಾರಣವುಂಟು. 'ಎಪ್ಪತ್ತರ ದಶಕ', 'ಎಂಬತ್ತರ ದಶಕ' ಎಂಬ ಮಾತುಗಳು ಈಚೆಗೆ ಅಂಗಡಿಯ ಸರಕಿನಂತೆ ಬಿಕರಿಯಾಗುತ್ತಿವೆ. ಹಳೆಯ ಕಾಲದ ರೇಡಿಯೋ ಪೆಟ್ಟಿಗೆಯನ್ನೂ ಕಪ್ಪುಬಿಳುಪು ಚಿತ್ರಪಟಗಳನ್ನೂ ಗೋಡೆಗೆ ತೂಗುಹಾಕಿದ ಉಪಾಹಾರಗೃಹಗಳು ಬೆಂಗಳೂರಿನಲ್ಲಿ ಹುಟ್ಟಿಕೊಂಡಿವೆ. ಮೊಬೈಲ್ ಫೋನಿನ ತೆರೆಯ ಮೇಲೆ ದಶಕಕ್ಕೊಂದರಂತೆ ಹಾಡುಗಳ ಕಟ್ಟುಗಳು ದೊರೆಯುತ್ತವೆ. ಇದರಲ್ಲಿ ದೋಷವೇನೂ ಇಲ್ಲ. ಆದರೆ ಈ ಕಟ್ಟುಗಳನ್ನು ಕಟ್ಟಿದವರು ೧೯೭೦ನೆಯ ಇಸವಿಯ ಜನವರಿ ಒಂದನೆಯ ತಾರೀಖಿನಂದು ಒಂದು ಬಾಗಿಲು ಮುಚ್ಚಿ ಮತ್ತೊಂದು ತೆರೆಯಿತೆಂಬಂತೆ ಮಾತನಾಡುತ್ತಾರೆ. ನಮ್ಮ ತರುಣರು ಅದನ್ನೇ ಚರಿತ್ರೆಯೆಂದು ತಿಳಿಯುತ್ತಿದ್ದಾರೆ. ಆದಕಾರಣ ನಮಗೆ ಹತ್ತಿರದ ಒಂದು ದೃಷ್ಟಾಂತವನ್ನು ತೆಗೆದುಕೊಂಡು, ನಮ್ಮ ನಾಡಿನಲ್ಲಿ ಅರವತ್ತರ ದಶಕವು ನಿಜವಾಗಿ ಮುಗಿದು ಎಪ್ಪತ್ತರ ದಶಕವು ಮೊದಲಾದುದು ಯಾವಾಗ ಎಂಬುದನ್ನು ವಿಚಾರ ಮಾಡಬೇಕೆಂದಿದ್ದೇವೆ.

ಸಾಹಿತ್ಯಪ್ರಿಯರನ್ನು ಕೇಳಿದರೆ ಅವರು ಪುಸ್ತಕದ ಕಪಾಟನ್ನು ತೋರಿಸುತ್ತಾರೆ. ಶ್ರೀ ಅನಂತಮೂರ್ತಿಯವರ 'ಸಂಸ್ಕಾರ'ವು ಹೊರಬಂದುದು ೧೯೬೫ರಲ್ಲಿ; ಅದು ಚಲಚ್ಚಿತ್ರವಾಗಿ, ಮೊದಲು ಸೆನ್ಸಾರಿನವರಿಂದ ತಡೆಯಲ್ಪಟ್ಟು, ತರುವಾಯ ರಾಷ್ಟ್ರದ ಅತ್ಯುತ್ತಮ ಚಿತ್ರವೆಂದು ಸ್ವರ್ಣಪದಕವನ್ನು ಪಡೆದುದು ೧೯೭೦ರ ಸಾಲಿನಲ್ಲಿ. ಪಂಚಾಂಗಕ್ಕೆ ಇದಕ್ಕಿಂತ ಅನುಕೂಲವಾದ ತಾರೀಖು ಮತ್ತೊಂದಿರಲಾರದು. ಆದರೆ ಆ ಗ್ರಂಥದಲ್ಲಿ ಕುಸಿಯುವುದು ಒಂದು ಅಗ್ರಹಾರದ ಮನಸ್ಸು; ಅಗ್ರಹಾರದ ಗದ್ದೆಯನ್ನು ಉಳುತ್ತಿದ್ದ ಒಕ್ಕಲಿನ ಗೇಣಿಯು ೧೯೭೦ರಲ್ಲಿಯೂ ಹಿಂದಿನಂತೆಯೇ ಅಳೆಯಲ್ಪಡುತ್ತಿತ್ತು. ಓದುವವರ ಮನೆಯಲ್ಲಿ ಹೊಸ ದಶಕವು ಬಂದಿತ್ತೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ೧೯೭೧ರ ಜನಗಣತಿಯ ಕಾಲಕ್ಕೆ ನಮ್ಮ ರಾಜ್ಯದ ಎರಡು ಕೋಟಿ ತೊಂಬತ್ತು ಲಕ್ಷಕ್ಕೂ ಹೆಚ್ಚು ಜನರಲ್ಲಿ ಅಕ್ಷರ ಬಲ್ಲವರು ಮೂರರಲ್ಲಿ ಒಂದು ಪಾಲಿಗೂ ಕಡಿಮೆಯಾಗಿದ್ದರೆಂಬುದನ್ನು ಮರೆಯಲಾಗದು.

ರಾಜಕಾರಣದ ಲೆಕ್ಕ ಹಿಡಿಯುವವರು ೧೯೬೯ನೆಯ ಇಸವಿಯನ್ನು ಹೇಳುತ್ತಾರೆ. ಆ ವರ್ಷದ ಜುಲೈ ತಿಂಗಳಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯು ನಮ್ಮ ಬೆಂಗಳೂರಿನಲ್ಲಿಯೇ ಸಭೆ ಸೇರಿತು. ಅದೇ ತಿಂಗಳು ಹದಿನಾಲ್ಕು ದೊಡ್ಡ ಬ್ಯಾಂಕುಗಳು ರಾಷ್ಟ್ರದ ಸ್ವತ್ತಾದುವು. ನವೆಂಬರಿನಲ್ಲಿ ಆ ಮಹಾಸಂಸ್ಥೆಯು ಎರಡಾಗಿ ಒಡೆಯಿತು. ಒಡೆದ ಮನೆಯ ಒಂದು ಪಾಲಿನ ಯಜಮಾನರು ನಮ್ಮ ಚಿತ್ರದುರ್ಗ ಸೀಮೆಯ ಶ್ರೀ ನಿಜಲಿಂಗಪ್ಪನವರು. ದಿಲ್ಲಿಗೆ ಅದು ದೊಡ್ಡ ತಿರುವೇ ಸರಿ. ಆದರೆ ಇಲ್ಲಿ ಅವರ ಪಕ್ಷದ ಶ್ರೀ ವೀರೇಂದ್ರ ಪಾಟೀಲರ ಸರಕಾರವು ೧೯೭೧ರ ಮಾರ್ಚಿಯವರೆಗೆ ನಡೆಯಿತು. ಬಳಿಕ ಒಂದು ವರ್ಷ ರಾಷ್ಟ್ರಪತಿಗಳ ಆಳ್ವಿಕೆ. ೧೯೭೧ರ ಲೋಕಸಭೆಯ ಚುನಾವಣೆಯಲ್ಲಿ ಈ ರಾಜ್ಯದ ೨೭ ಸ್ಥಾನಗಳಲ್ಲಿ ೨೭ನ್ನೂ ಶ್ರೀಮತಿ ಇಂದಿರಾ ಗಾಂಧಿಯವರ ಪಕ್ಷವು ಗೆದ್ದುಕೊಂಡಿತು. ಜನರು ಹೊಸದೊಂದನ್ನು ಬಯಸಿದ್ದರೆಂಬುದಕ್ಕೆ ಇದು ಸಾಕ್ಷಿ. ಹೊಸದು ಅವರ ಕೈಸೇರಿತ್ತೆಂಬುದಕ್ಕೆ ಸಾಕ್ಷಿಯಲ್ಲ.

ನಮ್ಮ ಪಂಚಾಂಗದವರು ಚಾಂದ್ರಮಾನಕ್ಕೂ ಸೌರಮಾನಕ್ಕೂ ಹೊಂದಿಕೆಯಾಗದಾಗ ನಡುವೆ ಒಂದು ಅಧಿಕಮಾಸವನ್ನು ಸೇರಿಸುತ್ತಾರೆ. ೧೯೭೦ರಿಂದ ೧೯೭೩ರವರೆಗಿನ ಕಾಲವು ನಮಗೆ ಅಂತಹ ಅಧಿಕಮಾಸವೆಂದು ತೋರುತ್ತದೆ. ಹೆಸರಿಗೆ ಎಪ್ಪತ್ತು, ನಡೆವಳಿಕೆಯಲ್ಲಿ ಅರವತ್ತು. ಆ ಕಾಲದ ಅತ್ಯಂತ ಜನಪ್ರಿಯ ಚಲಚ್ಚಿತ್ರವನ್ನೇ ನೋಡಿ. ೧೯೭೨ರಲ್ಲಿ ತೆರೆಕಂಡ 'ಬಂಗಾರದ ಮನುಷ್ಯ'ದಲ್ಲಿ ಶ್ರೀ ರಾಜಕುಮಾರರು ನಟಿಸಿದ ನಾಯಕನು ಬರಡುಭೂಮಿಯನ್ನು ಹಸನು ಮಾಡುತ್ತಾನೆ, ಕುಟುಂಬವನ್ನು ಸಲಹುತ್ತಾನೆ, ಕೊನೆಗೆ ಎಲ್ಲವನ್ನೂ ಬಿಟ್ಟು ನಡೆದುಬಿಡುತ್ತಾನೆ. ದುಡಿಮೆಯೂ ತ್ಯಾಗವೂ ಇದ್ದರೆ ಹಳ್ಳಿಯು ತಾನಾಗಿ ಉದ್ಧಾರವಾಗುವುದೆಂಬ ಅರವತ್ತರ ದಶಕದ ನಂಬಿಕೆಯು ಅಲ್ಲಿ ತನ್ನ ಪೂರ್ಣಕಳೆಯಿಂದ ನಿಂತಿದೆ. ಜನರು ಮತ್ತೆ ಮತ್ತೆ ಹೋಗಿ ನೋಡಿದರು. ಆ ಚಿತ್ರವನ್ನು ನೋಡಿ ಪಟ್ಟಣವನ್ನು ಬಿಟ್ಟು ಬೇಸಾಯಕ್ಕೆ ಮರಳಿದವರ ಕಥೆಗಳು ಇಂದಿಗೂ ಕೇಳಬರುತ್ತವೆ. ಭೂಮಿ ಯಾರದೆಂಬ ಪ್ರಶ್ನೆಯನ್ನು ಅದು ಎತ್ತಲಿಲ್ಲ. ಎತ್ತುವ ಅಗತ್ಯವು ಪ್ರೇಕ್ಷಕರಿಗೂ ಕಂಡುಬರಲಿಲ್ಲ. (ಅದರ ನಿರ್ದೇಶಕರು ಶ್ರೀ ಸಿದ್ಧಲಿಂಗಯ್ಯನವರು. ಮೂರು ವರ್ಷಗಳ ತರುವಾಯ ಅದೇ ಹೆಸರಿನ ಮತ್ತೊಬ್ಬರು, ಕವಿಗಳು, ತಮ್ಮ ಪ್ರಥಮ ಕವನಸಂಗ್ರಹವಾದ 'ಹೊಲೆಮಾದಿಗರ ಹಾಡು' ಎಂಬುದನ್ನು ಪ್ರಕಟಿಸಿದರು. ಎರಡು ದಶಕಗಳ ಅಂತರವನ್ನು ಒಂದೇ ಹೆಸರಿನಲ್ಲಿ ಕಾಣಬೇಕೆನ್ನುವವರು ಈ ಎರಡು ಕೃತಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬಹುದು.)

ಹಾಗಾದರೆ ಅಧಿಕಮಾಸವು ಮುಗಿದುದು ಎಂದು? ೧೯೭೩ರ ನವೆಂಬರಿನಿಂದ ೧೯೭೪ರ ಮಾರ್ಚಿಯವರೆಗಿನ ನಾಲ್ಕು ತಿಂಗಳುಗಳಲ್ಲಿ ಎಂಬುದು ನಮ್ಮ ಉತ್ತರ.

ಆ ನವೆಂಬರ್ ಒಂದನೆಯ ತಾರೀಖಿನಂದು ಮೈಸೂರು ರಾಜ್ಯವು ಕರ್ನಾಟಕವಾಯಿತು. ನಾಡು ಒಂದಾದುದು ೧೯೫೬ರಲ್ಲಿ. ತನ್ನ ಹೆಸರನ್ನು ಪಡೆಯಲು ಅದಕ್ಕೆ ಹದಿನೇಳು ವರ್ಷ ಹಿಡಿಯಿತು. ಧಾರವಾಡ, ಬೆಳಗಾವಿಗಳ ಕಡೆಯವರಿಗೆ ಈ ವಿಳಂಬವು ಹೃದಯದ ಮುಳ್ಳಾಗಿತ್ತೆಂಬುದನ್ನೂ, ಹಳೆಯ ಮೈಸೂರಿನ ಅನೇಕ ಸಜ್ಜನರಿಗೆ ಹೆಸರು ಬದಲಾವಣೆಯೇ ಮನಸ್ಸಿಗೆ ಒಗ್ಗಲಿಲ್ಲವೆಂಬುದನ್ನೂ ವಾಚಕರು ಬಲ್ಲರು. ಹಂಪೆಯಲ್ಲಿ ನಡೆದ ಉತ್ಸವ, ಮೆರವಣಿಗೆಗಳ ಸಂಭ್ರಮವು ಇನ್ನೂ ಆರಿರಲಿಲ್ಲ. ಅದೇ ತಿಂಗಳು ಮೈಸೂರು ನಗರದ ಒಂದು ಸಭೆಯಲ್ಲಿ ಮಂತ್ರಿಗಳಾಗಿದ್ದ ಶ್ರೀ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಭಾಗವು ಬೂಸವೆಂಬ ಅರ್ಥದ ಮಾತನ್ನಾಡಿದರು. ಆ ಮೇಲಿನ ಗಲಭೆಯನ್ನು ವಿವರಿಸುವ ಅಗತ್ಯವಿಲ್ಲ. ಕಾಲೇಜುಗಳು ಮುಚ್ಚಿದುವು, ದಲಿತ ವಿದ್ಯಾರ್ಥಿಗಳು ಹೊಡೆತ ತಿಂದರು, ಮಂತ್ರಿಗಳು ರಾಜೀನಾಮೆಯನ್ನು ಕೊಡಬೇಕಾಯಿತು.

ಅವರ ಮಾತು ಯುಕ್ತವೇ ಅಯುಕ್ತವೇ ಎಂಬ ಚರ್ಚೆಗೆ ಇಲ್ಲಿ ಎಡೆಯಿಲ್ಲ. ಕನ್ನಡದ ಅಭಿಮಾನಿಗಳಾದ ನಮಗೂ ಅದು ಕಹಿಯಾಗಿಯೇ ಕೇಳಿಸುತ್ತದೆ. ಆದರೆ ನಾಡಿಗೆ ಹೆಸರು ಬಂದ ತಿಂಗಳೊಳಗೇ, ಈ ಹೆಸರಿನೊಳಗೆ ನಮಗೆ ಸ್ಥಳವೆಲ್ಲಿ ಎಂದು ಕೇಳುವ ಧ್ವನಿಯೊಂದು ಮಂತ್ರಿಯ ಬಾಯಿಂದಲೇ ಹೊರಟಿತಲ್ಲ, ಅದು ಅರವತ್ತರ ದಶಕದಲ್ಲಿ ಸಾಧ್ಯವಿರಲಿಲ್ಲ. ಏಟು ತಿಂದ ವಿದ್ಯಾರ್ಥಿಗಳು ಸುಮ್ಮನಾಗಲಿಲ್ಲ. ದಲಿತ ಸಂಘರ್ಷ ಸಮಿತಿಯು ಈ ಪ್ರಕ್ಷೋಭದ ಬೆನ್ನಿಗೇ ರೂಪುಗೊಂಡಿತು. ಶ್ರೀ ದೇವನೂರ ಮಹಾದೇವರ 'ದ್ಯಾವನೂರು' ಪ್ರಕಟವಾದುದೂ ೧೯೭೩ರಲ್ಲಿಯೇ; ಶಿಷ್ಟ ಕನ್ನಡವು ತನ್ನ ಜಗಲಿಯ ಮೇಲೆ ಕೂರಿಸಿಕೊಳ್ಳದಿದ್ದ ನುಡಿಯು ಅಲ್ಲಿ ಯಾರ ಅಪ್ಪಣೆಯನ್ನೂ ಬೇಡದೆ ಬಂದು ಕುಳಿತಿತು.

ಇನ್ನು ೧೯೭೪ರ ಮಾರ್ಚಿ ಒಂದನೆಯ ತಾರೀಖು. ಇದರ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು; ಏಕೆಂದರೆ ನಮ್ಮ ಹಾಡಿನ ಕಟ್ಟುಗಳಲ್ಲಿಯೂ ಉಪಾಹಾರಗೃಹದ ಗೋಡೆಗಳಲ್ಲಿಯೂ ಇದು ಎಲ್ಲಿಯೂ ಕಾಣಬರುವುದಿಲ್ಲ.

೧೯೫೧ರಲ್ಲಿ ಸಾಗರ ತಾಲ್ಲೂಕಿನ ಕಾಗೋಡು ಎಂಬ ಊರಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದ್ದರು. ಗೇಣಿಯ ಭತ್ತವನ್ನು ಅಳೆಯುವ ಕೊಳಗದ ಗಾತ್ರದಿಂದ ಹುಟ್ಟಿದ ವ್ಯಾಜ್ಯ ಅದು. ಡಾಕ್ಟರ್ ರಾಮಮನೋಹರ ಲೋಹಿಯಾರವರು ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಶ್ರೀ ಶಾಂತವೇರಿ ಗೋಪಾಲಗೌಡರು ಆ ಹೋರಾಟದಿಂದಲೇ ನಾಡಿನ ಮುಂದಾಳುಗಳಾದರು. ಸರಕಾರವು ಹತ್ತು ವರ್ಷಗಳ ಬಳಿಕ, ೧೯೬೧ರಲ್ಲಿ, ಭೂಸುಧಾರಣೆಯ ಕಾಯಿದೆಯೊಂದನ್ನು ಮಾಡಿತು. ಅದು ಜಾರಿಗೆ ಬಂದುದು ೧೯೬೫ರಲ್ಲಿ. ಒಡೆಯರು ಭೂಮಿಯನ್ನು ಮರಳಿ ಪಡೆಯಲು ಬೇಕಾದ ಕಂಡಿಗಳು ಅದರಲ್ಲಿ ಸಾಕಷ್ಟು ಇದ್ದುವು. ಅರವತ್ತರ ದಶಕದ ಸ್ವಭಾವವೇ ಅದು: ಒಳ್ಳೆಯ ಮಾತನ್ನು ಶಾಸನದಲ್ಲಿ ಬರೆಯುವುದು, ಬರೆದುದನ್ನು ಕಪಾಟಿನಲ್ಲಿಡುವುದು. ಗೋಪಾಲಗೌಡರು ೧೯೭೨ರ ಜೂನಿನಲ್ಲಿ ತೀರಿಕೊಂಡಾಗ ಕಾಗೋಡಿನ ಪ್ರಶ್ನೆಗೆ ಉತ್ತರ ಬಂದಿರಲಿಲ್ಲ.

ಶ್ರೀ ದೇವರಾಜ ಅರಸರು ೧೯೭೨ರ ಮಾರ್ಚಿಯಲ್ಲಿ ಮುಖ್ಯಮಂತ್ರಿಗಳಾಗಿದ್ದರು. ಅವರ ಸರಕಾರವು ತಂದ ತಿದ್ದುಪಡಿಯ ಪ್ರಕಾರ ೧೯೭೪ರ ಮಾರ್ಚಿ ಒಂದರಂದು ಗೇಣಿಗೆ ಕೊಡಲ್ಪಟ್ಟಿದ್ದ ಸಮಸ್ತ ಭೂಮಿಯೂ ಸರಕಾರದ ವಶವಾಯಿತು. ಉಳುತ್ತಿದ್ದವನು ತನಗೆ ಒಡೆತನ ಬೇಕೆಂದು ಏಳನೆಯ ನಮೂನೆಯಲ್ಲಿ ಅರ್ಜಿ ಹಾಕಬಹುದಾಯಿತು. ತಾಲ್ಲೂಕು ತಾಲ್ಲೂಕಿಗೆ ಭೂನ್ಯಾಯಮಂಡಳಿಗಳು ನೇಮಕವಾದುವು. ಅಲ್ಲಿ ಅಧಿಕಾರಿಯ ಜೊತೆಯಲ್ಲಿ ಜನರ ಕಡೆಯ ಸದಸ್ಯರೂ ಕುಳಿತರು; ಮೊದಲಿನಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ಎಂಟು ಲಕ್ಷಕ್ಕೂ ಮೀರಿ ಅರ್ಜಿಗಳು ಬಂದುವು.

ವಾಚಕರು ಆ ಮಂಡಳಿಯ ಕೊಠಡಿಯನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಬೇಕು. ತಲೆತಲಾಂತರದಿಂದ ಒಡೆಯರ ಮನೆಯ ಅಂಗಳದಲ್ಲಿ ನಿಂತು ಮಾತನಾಡಿದವನು ಈಗ ಅದೇ ಒಡೆಯರೊಡನೆ ಒಂದೇ ಮೇಜಿನ ಮುಂದೆ ನಿಲ್ಲುತ್ತಾನೆ. ಹೆಸರು ಕರೆಯುತ್ತಾರೆ. ಈ ಸರ್ವೇ ನಂಬರನ್ನು ಉಳುತ್ತಿರುವವರು ಯಾರೆಂದು ಕೇಳುತ್ತಾರೆ. 'ನಾನು' ಎಂದು ಅವನು ಹೇಳಬೇಕು. ಹಾಗೆ ಹೇಳಲಾರದೆ ಅರ್ಜಿಯನ್ನು ಹಿಂತೆಗೆದುಕೊಂಡವರು ಇದ್ದರು. ಉಂಡ ಮನೆಗೆ ಎರಡು ಬಗೆಯಲಾರೆನೆಂದು ಅರ್ಜಿಯನ್ನೇ ಹಾಕದವರೂ ಇದ್ದರು. ಆದರೆ ಲಕ್ಷಗಟ್ಟಲೆ ಜನರು ಹೇಳಿದರು. ಉಡುಪು, ಹಾಡು, ಪುಸ್ತಕಗಳಲ್ಲಿ ನಡೆದ ಯಾವ ಬದಲಾವಣೆಯೂ ಈ ಒಂದು ಶಬ್ದದಷ್ಟು ಆಳಕ್ಕೆ ಇಳಿಯಲಿಲ್ಲವೆಂದು ಹೇಳಲು ನಮಗೆ ಸಂಕೋಚವಿಲ್ಲ. ಮರುದಿನದಿಂದ ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗ ಜಿಲ್ಲೆಗಳ ಎಷ್ಟೋ ಹಳ್ಳಿಗಳಲ್ಲಿ ಹಬ್ಬದ ಕಾಣಿಕೆ, ಮದುವೆಯ ಬಿಟ್ಟಿಗೆಲಸ, ದಾರಿಯಲ್ಲಿ ಎದುರಾದಾಗ ಪಕ್ಕಕ್ಕೆ ಸರಿಯುವ ಪದ್ಧತಿ ಇವೆಲ್ಲವೂ ಸಡಿಲಗೊಂಡುವು. ಸಂಸ್ಕೃತಿಯೆಂದರೆ ಇವೂ ಅಲ್ಲವೇ?

ಅನ್ಯಾಯಗಳೂ ಆದುವು, ಅವನ್ನು ಮುಚ್ಚಿಡುವುದು ಪತ್ರಿಕಾಧರ್ಮವಲ್ಲ. ಕರಾವಳಿಯಲ್ಲಿ ಒಂದೆರಡು ಎಕರೆಯ ಗೇಣಿಯಿಂದಲೇ ಜೀವನ ನಡೆಸುತ್ತಿದ್ದ ವಿಧವೆಯರು, ಬಡ ಅರ್ಚಕರು, ಸಣ್ಣ ನೌಕರಿಯ ಸಂಸಾರಗಳು ದೊಡ್ಡ ಜಮೀನುದಾರರೊಡನೆಯೇ ಭೂಮಿಯನ್ನು ಕಳೆದುಕೊಂಡರು. ಅವರಿಗೆ ಬಂದ ಪರಿಹಾರವು ಅತ್ಯಲ್ಪ. ಮತ್ತೊಂದು ಕಡೆ, ಗೇಣಿಯೇ ಇಲ್ಲದೆ ಬರಿಯ ಕೂಲಿಗೆ ದುಡಿಯುತ್ತಿದ್ದವನಿಗೆ ಈ ಕಾಯಿದೆಯಿಂದ ದೊರೆತುದು ಬಹು ಕಡಿಮೆ. ದಲಿತರಲ್ಲಿ ಹೆಚ್ಚಿನವರು ಅಂತಹವರೇ. ಬಯಲುಸೀಮೆಯ ಒಣಭೂಮಿಯ ಊರುಗಳಲ್ಲಿ ಗೇಣಿಪದ್ಧತಿಯೇ ವಿರಳವಾಗಿದ್ದುದರಿಂದ ಅಲ್ಲಿ ಆ ಮಾರ್ಚಿಯು ಸದ್ದಿಲ್ಲದೆ ಬಂದು ಸದ್ದಿಲ್ಲದೆ ಹೋಯಿತು. ಶ್ರೀ ಶಿವರಾಮ ಕಾರಂತರ 'ಚೋಮನ ದುಡಿ' ಕಾದಂಬರಿಯು ೧೯೩೩ರದು. ತನ್ನದೆನ್ನುವ ತುಂಡುಭೂಮಿಯನ್ನು ಉಳಬೇಕೆಂಬ ಆಸೆಯಲ್ಲಿಯೇ ಅದರ ಚೋಮನು ಸವೆದುಹೋಗುತ್ತಾನೆ. ಶ್ರೀ ಬಿ. ವಿ. ಕಾರಂತರ ನಿರ್ದೇಶನದಲ್ಲಿ ಅದು ಚಲಚ್ಚಿತ್ರವಾಗಿ ರಾಷ್ಟ್ರದ ಸ್ವರ್ಣಪದಕವನ್ನು ಪಡೆದುದು ೧೯೭೫ರ ಸಾಲಿನಲ್ಲಿ, ಅಂದರೆ ಕಾಯಿದೆಯು ಬಂದ ಮರುವರ್ಷ. ಆ ಕಾಯಿದೆಯು ಚೋಮನಂತಹವನನ್ನು ತಲಪಿತೇ ಎಂದು ಕೇಳಿದರೆ ಇಲ್ಲವೆಂದೇ ಹೇಳಬೇಕಾಗುತ್ತದೆ. ಹೀಗೆ ಒಂದೇ ನಾಡಿನಲ್ಲಿ, ಒಂದೇ ಊರಿನ ಎರಡು ಕೇರಿಗಳಲ್ಲಿ, ದಶಕವು ಬೇರೆಬೇರೆ ಹೊತ್ತಿನಲ್ಲಿ ಬರುತ್ತದೆ. ಒಂದು ಕೇರಿಗೆ ಅದು ಭೂನ್ಯಾಯಮಂಡಳಿಯಿಂದ ಬಂದರೆ ಮತ್ತೊಂದಕ್ಕೆ ಬೂಸಾ ಗಲಭೆಯಿಂದ ಬಂದಿತು. ಮೂರನೆಯದೊಂದಕ್ಕೆ, ಅರಮನೆಯ ಕೇರಿಗೆನ್ನೋಣ, ಶ್ರೀ ಜಯಚಾಮರಾಜೇಂದ್ರ ಒಡೆಯರು ೧೯೭೪ರ ಸೆಪ್ಟೆಂಬರಿನಲ್ಲಿ ತೀರಿಕೊಂಡಾಗ ಬಂದಿತು.

ಇಲ್ಲಿ ಒಂದು ಆಕ್ಷೇಪವು ಬಂದೀತು. ಎಪ್ಪತ್ತರ ದಶಕವೆಂದರೆ ಯಾರಿಗಾದರೂ ಮೊದಲು ನೆನಪಾಗುವುದು ತುರ್ತುಪರಿಸ್ಥಿತಿಯಲ್ಲವೇ, ೧೯೭೫ರ ಜೂನ್ ೨೫ನ್ನು ಬಿಟ್ಟು ಗೇಣಿಯ ತಾರೀಖನ್ನು ಹಿಡಿಯುವುದು ಸರಿಯೇ ಎಂದು. ಪತ್ರಿಕೆಗಳ ಬಾಯಿ ಕಟ್ಟಲ್ಪಟ್ಟ ಆ ಇಪ್ಪತ್ತೊಂದು ತಿಂಗಳುಗಳನ್ನು ಪತ್ರಿಕೆಯವರಾದ ನಾವು ಹಗುರವಾಗಿ ಕಾಣುವವರಲ್ಲ. 'ಸಂಸ್ಕಾರ'ದ ಚಂದ್ರಿಯಾಗಿ ನಟಿಸಿದ್ದ ಶ್ರೀಮತಿ ಸ್ನೇಹಲತಾ ರೆಡ್ಡಿಯವರು ಬೆಂಗಳೂರಿನ ಸೆರೆಮನೆಯಲ್ಲಿ ಜರ್ಜರಿತರಾಗಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, ೧೯೭೭ರ ಜನವರಿಯಲ್ಲಿ ಪ್ರಾಣಬಿಟ್ಟರೆಂಬುದನ್ನು ನಾಡು ಮರೆಯಬಾರದು. ಆದರೆ ಪ್ರಶ್ನೆಯು ದುಃಖದ ಅಳತೆಯದಲ್ಲ, ತಿರುವಿನ ಸ್ಥಾನದ್ದು. ೧೯೭೭ರ ಮಾರ್ಚಿಯಲ್ಲಿ ಉತ್ತರ ಹಿಂದುಸ್ಥಾನವು ಕಾಂಗ್ರೆಸ್ಸನ್ನು ಬುಡಸಮೇತ ಕಿತ್ತೊಗೆದಾಗ ಕರ್ನಾಟಕವು ತನ್ನ ೨೮ ಸ್ಥಾನಗಳಲ್ಲಿ ೨೬ನ್ನು ಅದೇ ಪಕ್ಷಕ್ಕೆ ಕೊಟ್ಟಿತು. ಇದನ್ನು ಅಜ್ಞಾನವೆಂದು ಕರೆದವರು ಆಗ ಬಹಳ ಮಂದಿ. ಆ ಕರೆಯುವಿಕೆಯಲ್ಲಿಯೇ ಹೆಚ್ಚಿನ ಅಜ್ಞಾನವಿತ್ತೆಂದು ನಮ್ಮ ಎಣಿಕೆ. ಏಳನೆಯ ನಮೂನೆಯ ಅರ್ಜಿಯು ಇನ್ನೂ ವಿಚಾರಣೆಯಲ್ಲಿದ್ದವನೂ, ಹಾವನೂರರ ಆಯೋಗವು ೧೯೭೫ರಲ್ಲಿ ಕೊಟ್ಟ ವರದಿಯಿಂದ ತನ್ನ ಮಗನಿಗೆ ಕಾಲೇಜಿನಲ್ಲಿ ಸ್ಥಳ ದೊರೆತೀತೆಂದು ಕಾದಿದ್ದವನೂ ದಿಲ್ಲಿಯ ಗಡಿಯಾರವನ್ನು ನೋಡಿ ಮತ ಹಾಕಲಿಲ್ಲ. ನಮ್ಮ ಎಪ್ಪತ್ತರ ದಶಕವೂ ದಿಲ್ಲಿಯ ಎಪ್ಪತ್ತರ ದಶಕವೂ ಒಂದೇ ಅಲ್ಲವೆಂಬುದಕ್ಕೆ ಇದಕ್ಕಿಂತ ನಿಚ್ಚಳವಾದ ಪುರಾವೆ ಯಾವುದು?

ತಡವಾಗಿ ಬಂದ ದಶಕವು ತಡವಾಗಿಯೇ ಹೋಯಿತೆಂದು ಯಾರಾದರೂ ಊಹಿಸಿದರೆ ಅದು ತಪ್ಪು. ಅದು ಬಹುಮಟ್ಟಿಗೆ ಪಂಚಾಂಗದ ಪ್ರಕಾರವೇ ಹೋಯಿತು. ೧೯೮೦ರ ಜನವರಿಯಲ್ಲಿ ಅರಸರ ಸರಕಾರವು ಬಿದ್ದಿತು. ಜುಲೈ ೨೧ರಂದು ನರಗುಂದದಲ್ಲಿ ಮಲಪ್ರಭಾ ನೀರಾವರಿಯ ರೈತರು ಅಭಿವೃದ್ಧಿ ಕರದ ವಿರುದ್ಧ ತಹಶೀಲ್ದಾರರ ಕಚೇರಿಯ ಮುಂದೆ ನೆರೆದರು, ಗೋಲೀಬಾರು ನಡೆಯಿತು, ನವಲಗುಂದಕ್ಕೂ ಬೆಂಕಿ ಹಬ್ಬಿತು, ರೈತರೂ ಪೋಲೀಸರೂ ಪ್ರಾಣ ಕಳೆದುಕೊಂಡರು. ಅದೇ ವರ್ಷ ಕರ್ನಾಟಕ ರಾಜ್ಯ ರೈತಸಂಘವು ಸ್ಥಾಪಿತವಾಯಿತು. ಆರು ವರ್ಷಗಳ ಹಿಂದೆ ಸರಕಾರದ ಮುಂದೆ ಭೂಮಿ ಕೇಳಿ ನಿಂತಿದ್ದ ಒಕ್ಕಲು ಈಗ ಬೆಲೆ ಕೇಳಿ, ಕರ ಕೊಡೆನೆಂದು ಹೇಳಿ ಅದೇ ಸರಕಾರಕ್ಕೆ ಎದುರು ನಿಂತನು. ಎದುರಾಳಿಯು ಬದಲಾಗಿದ್ದನು, ಅದರೊಡನೆ ದಶಕವೂ. ಉಳಿದುವು ಬೇಗಬೇಗನೆ ಹಿಂಬಾಲಿಸಿದುವು: ಅದೇ ವರ್ಷ 'ಲಂಕೇಶ್ ಪತ್ರಿಕೆ', ೧೯೮೨ರಲ್ಲಿ ಗೋಕಾಕ ವರದಿಯ ಚಳವಳಿ, ೧೯೮೩ರ ಜನವರಿಯಲ್ಲಿ ನಾಡಿನ ಪ್ರಥಮ ಕಾಂಗ್ರೆಸ್ಸೇತರ ಸರಕಾರ.

ಇಷ್ಟೆಲ್ಲವನ್ನೂ ಹೇಳಿದ ಮೇಲೆ ನಮ್ಮ ಲೆಕ್ಕದಲ್ಲಿಯೇ ಒಂದು ತೊಡಕು ಉಳಿಯುತ್ತದೆಂಬುದನ್ನು ಒಪ್ಪಿಕೊಳ್ಳಬೇಕು. ದಶಕದ ನಡೆನುಡಿಗಳು ೧೯೮೦ರಲ್ಲಿ ಹೋದುವೆಂದೆವು. ಆದರೆ ಅದು ಕಟ್ಟಿದ ಕಟ್ಟಳೆಗಳು ಹೋಗಲಿಲ್ಲ. ಬೇಸಾಯಗಾರನಲ್ಲದವನು, ಇತರ ಮೂಲಗಳಿಂದ ಮಿತಿಮೀರಿದ ಆದಾಯವುಳ್ಳವನು ಬೇಸಾಯದ ಭೂಮಿಯನ್ನು ಕೊಳ್ಳಕೂಡದೆಂದು ಭೂಸುಧಾರಣೆಯ ಕಾಯಿದೆಯ ೭೯ ಎ ಮತ್ತು ೭೯ ಬಿ ಕಲಮುಗಳು ಹೇಳುತ್ತಿದ್ದುವು. ಆದಾಯದ ಮಿತಿಯನ್ನು ಕಾಲಕಾಲಕ್ಕೆ ಏರಿಸಿದರು. ಕಣ್ಣುತಪ್ಪಿಸಿ ಕೊಂಡವರೂ ಅಸಂಖ್ಯರು. ಅಧಿಕಾರಿಗಳು ಆ ಕಲಮುಗಳನ್ನು ಲಂಚದ ಕೊಕ್ಕೆಯಾಗಿ ಮಾಡಿಕೊಂಡಿದ್ದಾರೆಂಬ ದೂರಿನಲ್ಲಿಯೂ ಹುರುಳಿತ್ತು. ಆದರೂ ಭೂಮಿಯು ಉಳುವವನದೆಂಬ ತತ್ತ್ವವು ಬೆಂಗಳೂರಿನ ಸುತ್ತಲಿನ ಹಳ್ಳಿಗಳಲ್ಲಿಯೂ ಕಾಗದದ ಮೇಲಾದರೂ ನಾಲ್ವತ್ತಾರು ವರ್ಷ ನಿಂತಿತ್ತು. ೨೦೨೦ರ ಜುಲೈ ತಿಂಗಳಲ್ಲಿ ಸುಗ್ರೀವಾಜ್ಞೆಯಿಂದಲೂ, ಆ ವರ್ಷದ ಕೊನೆಯಲ್ಲಿ ಶಾಸನಸಭೆಯ ಒಪ್ಪಿಗೆಯಿಂದಲೂ ಆ ಕಲಮುಗಳು ತೆಗೆದುಹಾಕಲ್ಪಟ್ಟುವು.

ಕಾಯಿದೆಯನ್ನು ತಂದವರು ಬೇಸಾಯಕ್ಕೆ ಬಂಡವಾಳ ಬರಲಿ, ವಿದ್ಯಾವಂತ ತರುಣರು ಹೊಲಕ್ಕೆ ಇಳಿಯಲಿ ಎಂದರು. 'ಬಂಗಾರದ ಮನುಷ್ಯ'ದ ಪ್ರೇಕ್ಷಕನಿಗೆ ಇದು ಪರಿಚಿತವಾದ ಮಾತೇ. ನಾಲ್ವತ್ತೆಂಟು ವರ್ಷಗಳ ಬಳಿಕ ಅದು ತೆರೆಯಿಂದಿಳಿದು ಶಾಸನಸಭೆಗೆ ಬಂದಿತ್ತು. ವಿರೋಧಿಸಿದವರು ಉಳುವವನು ಮತ್ತೆ ಗೇಣಿಗೂ ಕೂಲಿಗೂ ಇಳಿದಾನೆಂದರು, ರೈತಸಂಘದವರು ಬೀದಿಗಿಳಿದರು. ನಮ್ಮ ಒಲವು ಎರಡನೆಯವರ ಕಡೆಗಿದೆ. ಕಂಡಿ ಬಿದ್ದ ಬೇಲಿಯನ್ನು ಸರಿಪಡಿಸುವ ಬದಲು ಬೇಲಿಯನ್ನೇ ಕಿತ್ತುದು ನಮಗೆ ಸರಿಕಾಣಲಿಲ್ಲ. ಅದಿರಲಿ. ೨೦೨೦ನೆಯ ಇಸವಿಯೆಂದರೆ ಇಂದು ಎಲ್ಲರಿಗೂ ನೆನಪಾಗುವುದು ಕೋವಿಡ್ ರೋಗ, ಮುಚ್ಚಿದ ಬೀದಿಗಳು, ಮುಖಕ್ಕೆ ಕಟ್ಟಿದ ಬಟ್ಟೆ, ಬರಿಗಾಲಿನಲ್ಲಿ ಊರಿಗೆ ಹೊರಟ ಕೂಲಿಗಳ ಸಾಲು. ಮುಂದಿನವರು ಈ ದಶಕದ ಹಾಡುಗಳನ್ನು ಕಟ್ಟುಕಟ್ಟುವಾಗಲೂ ಅದನ್ನೇ ಮೊದಲ ಪುಟವಾಗಿ ಇಟ್ಟಾರು. ಆ ವರ್ಷ ತಾಲ್ಲೂಕು ಕಚೇರಿಯ ಪುಸ್ತಕದಲ್ಲಿ ಅಳಿಸಲ್ಪಟ್ಟ ಎರಡು ಕಲಮುಗಳನ್ನು ಯಾವ ಗೋಡೆಗೂ ಯಾರೂ ತೂಗುಹಾಕಲಾರರು. ಆದರೆ ದೇವನಹಳ್ಳಿ, ದೊಡ್ಡಬಳ್ಳಾಪುರಗಳ ಕಡೆಯಲ್ಲಿ, ತಂದೆಯು ೧೯೭೪ರ ಕಾಯಿದೆಯಂತೆ ಪಡೆದ ಎರಡೆಕರೆಯನ್ನು ಉಳುತ್ತಿರುವ ಮಗನ ಮನೆಗೆ ದಲ್ಲಾಳಿಯು ಬಂದು ಕುಳಿತಾಗ, ಎಪ್ಪತ್ತರ ದಶಕವು ಮುಗಿಯಿತೇ ಇಲ್ಲವೇ ಎಂಬುದು ಆ ಪಡಸಾಲೆಯಲ್ಲಿ ಇಂದಿಗೂ ತೀರ್ಮಾನವಾಗಬೇಕಾದ ಪ್ರಶ್ನೆಯಾಗಿಯೇ ಇದೆ.